ನಾನೂ ತಟ್ಟಿದೆ

ಹತ್ತು ಗಂಟೆಯೊಳಗೆ ಹೋದರೆ ಬಾವುಟದ ಕಂಬದ ಹತ್ತಿರ ಜಾಗ
ಎಂದಿದ್ದಳು ಅತ್ತೆ ಎಲ್ವೀರಾ. ನಾವು ಮುಟ್ಟಿದ್ದು ಹನ್ನೊಂದೂವರೆಗೆ.
ಬಾಡಿಗೆ ಮನೆಯ ಬೀಗ, ರೆಮೋನ ಒಂದು ಕಾಲಿನ ಚಪ್ಪಲಿ,
ಅಬ್ರಿಲ್‌ಳ ಹೊಟ್ಟೆನೋವು,
ಒಂದೊಂದಕ್ಕೂ ಕಾಲು ಕಾಲು ಗಂಟೆ.

ನೆಕೊಚೇಯಾದ ಜನವರಿ.
ಮರಳೇ ಕಾಣದಷ್ಟು ಕೊಡೆ.
ಎಸೆಕಿಯೇಲ್ ನಮ್ಮದನ್ನು ನೆಡಲು ಹೋದ,
ದಕ್ಷಿಣದ ಗಾಳಿ ಬಂದು ಅದರ ಹೊಟ್ಟೆಯನ್ನು ಒಳಹೊರಗು ಮಾಡಿತು.
ಪಕ್ಕದವರು ನಗಲಿಲ್ಲ; ಬೆಳಿಗ್ಗೆ ಅವರದ್ದೂ ಇದೇ ಕತೆಯಂತೆ.
ಸುತ್ತಿಗೆ ಕೊಟ್ಟರು, ಬುರುಡೆ ತುಂಬ ಬಿಸಿ ಮಾತೇ ಕಷಾಯ ಕೊಟ್ಟರು.
ಒಂದೇ ಕೊಳವೆಯಲ್ಲಿ ಎಲ್ಲರೂ ಹೀರಿದೆವು,
ಎಂಜಲಿನ ಲೆಕ್ಕ ಯಾರೂ ಇಡಲಿಲ್ಲ.

ಹೆಬ್ಬೆರಳು ಅದ್ದಿದರೆ ಹಲ್ಲು ಕಟಕಟ, ಅಂಥ ನೀರು.
ಮಕ್ಕಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.
ತುಟಿ ನೇರಳೆ, ಮೈಯೆಲ್ಲ ಮುಳ್ಳು,
ಗದಗದ ನಡುಗುತ್ತಲೇ "ಚಳಿಯಿಲ್ಲ, ಚಳಿಯಿಲ್ಲ" ಎನ್ನುತ್ತವೆ
ಬೇರೆ ಯಾರದೋ ಮೈಯ ಪರವಾಗಿ ಸಾಕ್ಷಿ ನುಡಿಯುವ ಹಾಗೆ.

ಒದ್ದೆಯಲ್ಲೇ ಉರುಳಾಡಿ ಬಂದ ರೆಮೋ
ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ
ಎಣ್ಣೆಗೆ ಬಿಡಲು ಎತ್ತಿಟ್ಟ ಮಾಂಸದ ಹೋಳು.
ಇಲ್ಲಿ ಎಲ್ಲ ಮಕ್ಕಳಿಗೂ ಅದೇ ಹೆಸರು: ಮಿಲಾನೇಸಾ.
ಡಬ್ಬಿಯೊಳಗಿನ ಮಿಲಾನೇಸಾಕ್ಕೂ ಅಷ್ಟೇ ಮರಳು ಹತ್ತಿತ್ತು.
ಕರಕರ ಅಗಿದೆವು.
ರಜೆ ಬಂದದ್ದು ಮೊದಲು ಹಲ್ಲಿಗೆ ಗೊತ್ತಾಗುತ್ತದೆ.

ಮೂರರ ಸುಮಾರಿಗೆ ಚಪ್ಪಾಳೆ ಎದ್ದಿತು.
ಬಂದರಿನ ಕಡೆಯಿಂದ, ಮೊದಲು ನಾಲ್ಕು ಕೈ,
ಆಮೇಲೆ ಕೊಡೆಯಿಂದ ಕೊಡೆಗೆ ಹೊತ್ತಿಕೊಳ್ಳುತ್ತ.
ನಮ್ಮ ಕಡೆ ಮಗು ತಪ್ಪಿಸಿಕೊಂಡರೆ ಹೀಗೇ:
ಸಿಕ್ಕವರು ಹೆಗಲಿಗೇರಿಸಿಕೊಂಡು ನಡೆಯುತ್ತಾರೆ,
ದಾರಿಯುದ್ದಕ್ಕೂ ಜನ ತಟ್ಟುತ್ತಾರೆ,
ಸದ್ದಿನ ಜಾಡು ಹಿಡಿದು ತಾಯಿ ಓಡಿ ಬರುವ ತನಕ.

ನಾನೂ ತಟ್ಟಿದೆ.
ಅಬ್ರಿಲ್‌ಳ ಜಡೆಯ ಮರಳು ಕೊಡವುತ್ತಿದ್ದವಳು
ಅದನ್ನು ಬಿಟ್ಟು, ಜೋರಾಗಿ, ಧಾರಾಳವಾಗಿ.
"ಪಾಪ, ಯಾವ ತಾಯಿಯೋ, ಎಲ್ಲಿ ಮೈಮರೆತಳೋ"
ಎಂದೆ ಪಕ್ಕದ ಕೊಡೆಯವಳಿಗೆ.

ತಲೆಗಳ ಮೇಲೆ ಮೊದಲು ತೇಲಿ ಬಂದದ್ದು ಟೋಪಿ.
ಹಳದಿ. ಅಂಚಿನಲ್ಲಿ ನಾನೇ ಹೊಲಿದ ಕೆಂಪು ಗುಂಡಿ.
ಆಮೇಲೆ ಟೋಪಿಯ ಕೆಳಗಿನ ಮುಖ.
ನನ್ನ ಕೈ ಇನ್ನೂ ಎರಡು ಸಲ ತಟ್ಟಿತು.
ಕೈಗೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಅವನು ನನ್ನ ಜೊತೆ ಅಂದುಕೊಂಡಿದ್ದ ಎಸೆಕಿಯೇಲ್.
ನಾನು ಅಂದುಕೊಂಡದ್ದು ಹೇಳಬೇಕಿಲ್ಲ.
ಅತ್ತೆ ಬಾಯಿ ತೆರೆದು ನಿದ್ದೆಯಲ್ಲಿದ್ದಳು.

ಓಡಿದೆ. ಯಾರದೋ ಕೋಟೆ ತುಳಿದೆ, ಯಾರದೋ ಫ್ಲಾಸ್ಕು ಉರುಳಿಸಿದೆ.
ಹೊತ್ತು ತಂದವನು ಚುರ್ರೋ ಮಾರುವ ಮುದುಕ,
ಒಂದು ಕೈಯಲ್ಲಿ ಬುಟ್ಟಿ,
ಇನ್ನೊಂದರಲ್ಲಿ ನನ್ನ ಮಗನ ಎರಡೂ ಪಾದ.
"ಅಳಲೇ ಇಲ್ಲ, ಸೆನ್ಯೋರಾ" ಎಂದ, ದೂರಿನ ಧಾಟಿಯಲ್ಲಿ.
ಹೌದು, ಸಕ್ಕರೆ ಮೆತ್ತಿದ ಮೂತಿಯಲ್ಲಿ ರೆಮೋ
ಮೇಲೆ ಕೂತು ತಾನೂ ಚಪ್ಪಾಳೆ ಹಾಕುತ್ತಿದ್ದ,
ಇಡೀ ಕಡಲತೀರ ತನ್ನ ಹುಟ್ಟುಹಬ್ಬಕ್ಕೆ ನೆರೆದಿದೆ ಎಂಬಂತೆ.
ನನ್ನ ತೋಳಿಗೆ ಬಂದಾಗ ಅತ್ತ.
ಕೆಳಗಿಳಿಸಿದ್ದಕ್ಕೆ.

ಅಲ್ಲಿಂದ ಸಂಜೆಯವರೆಗೂ ಎಣಿಸಿದೆ. ಒಂದು, ಎರಡು.
ಇರುವುದೇ ಎರಡು. ಮತ್ತೆ ಎಣಿಸಿದೆ.
ಪಕ್ಕದ ಕೊಡೆಯವಳು ಏನೂ ಅನ್ನದೆ
ಬುರುಡೆಗೆ ಬಿಸಿನೀರು ಹುಯ್ದು ನನ್ನತ್ತ ಚಾಚಿದಳು.

ರಾತ್ರಿ, ಬಚ್ಚಲಲ್ಲಿ ಅರ್ಧ ಸಮುದ್ರ.
ರೆಮೋ ಉಂಡ ಚಮಚ ಹಿಡಿದೇ ಮಲಗಿದ.
ಅಬ್ರಿಲ್ ಕತ್ತಲಲ್ಲಿ ಕೇಳಿದಳು:
"ನಾನು ಕಳೆದುಹೋದರೂ ಅಷ್ಟೇ ಜನ ತಟ್ಟುತ್ತಾರಾ?"
ಇನ್ನೂ ಜಾಸ್ತಿ, ಎಂದೆ.
"ಹಾಗಿದ್ದರೆ ನಾಳೆ ನಂದು" ಎಂದು ಮಗ್ಗುಲಾದಳು.

ಎದ್ದು ಬಾಗಿಲ ಚಿಲಕ ನೋಡಿ ಬಂದೆ.
ಅಂಗೈ ಉರಿಯುತ್ತಿತ್ತು.