ಕಾರಣದ ಕಾಲಂ

ಮೂರೂಮುಕ್ಕಾಲಿಗೆ ಮತ್ತೆ ಕೂಗಿತು.
ಎರಡನೇ ಮಹಡಿ, ಆರನೇ ಮಂಚದ ನೆತ್ತಿಗೆ
ಅಂಗೈಯಗಲದ ಬಿಳಿ ಬಟ್ಟಲು, ಬೋರಲು.
ಏಣಿ ಹೊತ್ತು ಓಡುವುದಿಲ್ಲ ಈಗ, ನಡೆಯುತ್ತೇನೆ.
ಮೊದಲ ರಾತ್ರಿ ಓಡಿದ್ದೆ, ಒಂದೇ ಕಾಲಿಗೆ ಚಪ್ಪಲಿ,
ಕೈಯಲ್ಲಿ ಕೆಂಪು ಸಿಲಿಂಡರು.
ಬಾಣಂತಿಯರು ಕೂಸುಗಳನ್ನು ಅವಚಿಕೊಂಡು
ಮೆಟ್ಟಿಲ ಮೇಲೆ ಕೂತಿದ್ದರು.
ಬೆಂಕಿ ಎಲ್ಲಿ ಅಂದರೆ ಎಲ್ಲಿಯೂ ಇರಲಿಲ್ಲ.

ಇದ್ದದ್ದು ಕಿಟಕಿಯಾಚೆ, ರಸ್ತೆ ದಾಟಿ,
ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ.
ದಾವಣಗೆರೆಯ ಚಳಿಗೆ ಹೊಗೆ ಮೇಲೇಳುವುದಿಲ್ಲ,
ಮಾರ್ಕೆಟ್ಟಿನ ಹಮಾಲರ ಹಾಗೆ
ಸಿಕ್ಕಲ್ಲೇ ಗೋಣಿ ಹಾಸಿ ಮಲಗುತ್ತದೆ.
ಆಮೇಲೆ ಕಿಟಕಿಯ ಸಂದಿಯಿಂದ ಒಳಗೆ,
ವಿಸಿಟರ್ ಪಾಸಿಲ್ಲದೆ.

"ಹೊಟ್ಟಿನ ಹೊಗಿ ಅಲ್ಲಪ್ಪ ಇದು"
ಅಂದ ಆರನೇ ಮಂಚದ ಚಮನ್‌ಸಾಬ್, ಕಣ್ಣು ಬಿಡದೆ.
"ಟೈರು ಹಾಕ್ಯಾರ ಇವತ್ತು. ಅದೂ ಲಾರೀದು."
ಮೂವತ್ತೊಂದು ವರ್ಷ ಕಾದ ಮರಳಿನ ಮುಂದೆ
ಅಕ್ಕಿ ಅರಳಿಸಿದ ಮೂಗು.

ಬಟ್ಟಲು ಬಿಚ್ಚಿದೆ. ಒಳಗೊಂದು ಪುಟ್ಟ ಕತ್ತಲ ಕೋಣೆ.
ಅದರಲ್ಲಿ ಬೆಳಕೊಂದು ಅಡ್ಡ ಹಾಯುತ್ತದೆ.
ಪಕ್ಕದಲ್ಲೇ ಕಣ್ಣು, ಆ ಬೆಳಕು ಕಾಣದ ಹಾಗೆ ಕೂರಿಸಿದ್ದು.
ನಡುವೆ ಹೊಗೆ ತೇಲಿದರೆ
ಬೆಳಕು ಚೆದುರಿ ಕಣ್ಣಿಗೆ ಬೀಳಬೇಕು,
ಆಗ ಅದು ಕೂಗಬೇಕು. ಅಷ್ಟೇ ಅದರ ವಿದ್ಯೆ.
ಈಗ ಗೋಡೆಗೆಲ್ಲ ಕಾಡಿಗೆಯಂಥ ಮಸಿ.
ಹೊಗೆ ಇಲ್ಲದಾಗಲೂ ಅದಕ್ಕೆ ಚೂರು ಚೂರು ಬೆಳಕು
ಕಾಣುತ್ತಲೇ ಇದೆ. ಕೂಗಿನ ಅಂಚಿಗೇ ಬಂದು ಕೂತಿದೆ.
ಒಂದು ಊದುಬತ್ತಿ ಸಾಕು,
ಒಂದು ಬೆಳಗಿನ ಜಾವ ಸಾಕು.

ಬ್ರಷ್ಷಿನಿಂದ ಉಜ್ಜಿದೆ. ಊದಿದೆ.
"ಅಷ್ಟೇನಾ?" ಅಂದ ಚಮನ್‌ಸಾಬ್.
ಅಷ್ಟೇ, ಅಂದೆ.
"ನನಗೂ ಒಂದು ಸಣ್ಣ ಬ್ರಷ್ಷು ನೋಡು ಮತ್ತೆ."
ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಮುಗಿಯಲಿಲ್ಲ.
ಸಿಸ್ಟರ್ ಫಿಲೋಮಿನಾ ಮಾಸ್ಕು ತಂದರು.
ಎಕ್ಸ್‌ರೇ ಅವನ ದಿಂಬಿನಡಿ ಇತ್ತು. ನಾನು ಕೇಳಲಿಲ್ಲ.

ಮ್ಯಾನೇಜರು ಮೊನ್ನೆಯೇ ಹೇಳಿದ್ದಾರೆ:
ಪ್ಲಾಸ್ಟಿಕ್ ಕವರು ತೊಡಿಸಿ ರಬ್ಬರ್ ಬ್ಯಾಂಡು ಹಾಕಿಬಿಡು,
ಇನ್‌ಸ್ಪೆಕ್ಷನ್ ದಿನ ತೆಗೆದರಾಯಿತು.
ಕವರು ಜೇಬಿನಲ್ಲಿದೆ,
ಸಂಜೆ ಖಾರಮಂಡಕ್ಕಿ ಕಟ್ಟಿಸಿಕೊಂಡದ್ದು.
ಮೂಲೆಯಲ್ಲಿ ಇನ್ನೂ ಎಣ್ಣೆ, ಮೆಣಸಿನಕಾಯಿಯ ಒಂದು ಬೀಜ,
ಮಸಾಲೆ ತಾಗದ ನಾಲ್ಕು ಕಾಳು.
ಎಷ್ಟು ಬಿಳಿ ಅವು.
ಏಣಿಯ ಮೇಲೆ ನಿಂತೇ ತಿಂದೆ.
ಕೆಳಗೆ ಅವನು ಉಸಿರೆಳೆಯುತ್ತಿದ್ದ,
ಮಾಸ್ಕಿನೊಳಗೆ ಹಬೆ ಬಂದು ಹೋಗಿ ಬಂದು.

ಕವರು ಮಡಚಿ ಮತ್ತೆ ಜೇಬಿಗೇ ಹಾಕಿದೆ.
ಯಾಕೆ ಅಂತ ಕೇಳಿದರೆ ಹೇಳಲಾರೆ.
ನಾಳೆ ಹಾಕಿದರೂ ಹಾಕಿಯೇನು, ನನ್ನದೂ ಒಂದು ಸಂಬಳ.

ಕೆಳಗೆ ರಿಜಿಸ್ಟರಿನಲ್ಲಿ ಹನ್ನೊಂದು ರಾತ್ರಿಗೆ
ಒಂದೇ ಬರಹ: ಸುಳ್ಳು ಅಲಾರಂ.
ಅದರ ಕೆಳಗೆಲ್ಲ ಬರೀ ಎರಡೆರಡು ಗೀಟು.
ತಾರೀಖು ಬರೆದೆ. ವೇಳೆ ಬರೆದೆ.
ಕಾರಣ ಎಂಬಲ್ಲಿ ಪೆನ್ನು ನಿಂತಿತು,
ಆಮೇಲೆ ಬರೆಯಿತು: ಲಾರಿ ಟೈರು.
ಹೇಳಿದವರು: ಆರನೇ ಮಂಚ.
ಸಹಿ, ಹಾಲೇಶ, ಎಲೆಕ್ಟ್ರಿಷಿಯನ್.
ಪುಟ ಹಿಡಿದಿದ್ದ ಹೆಬ್ಬೆರಳು ಎತ್ತಿದೆ:
ಕಾಗದದ ಮೇಲೆ ಎಣ್ಣೆಯೂ ಇತ್ತು, ಮಸಿಯೂ ಇತ್ತು,
ಒರೆಸಲು ಹೋಗಿ ಇನ್ನಷ್ಟು ಹರಡಿದೆ.