ಸಾಲು ಸಾಲದ ಕಡೆ

ಮೇಜಿನ ಮೇಲೆ ಹಾಸನ ಮೂರು ಮೊಳ ಅಗಲ.
ನಾಲ್ಕು ಮೂಲೆಗೆ ನಾಲ್ಕು ಪೇಪರ್‌ವೇಟು,
ಆದರೂ ಫ್ಯಾನು ತಿರುಗಿದರೆ
ಸಾಲಗಾಮೆ ರಸ್ತೆ ಮೇಲೇಳುತ್ತದೆ.
ಸಾಹೇಬರು ಹಸಿರು ಪೆನ್ಸಿಲು ಕೊಟ್ಟರು:
"ದಾಕ್ಷಾಯಿಣಿ, ಇರೋ ಹಸಿರನ್ನೆಲ್ಲ ಮೊದಲು ಗುರುತು ಹಾಕಿ,
ಆಮೇಲೆ ಒಂದಕ್ಕೊಂದು ಗಂಟು ಹಾಕಿ."

ಗುರುತು ಹಾಕಿದೆ.
ಮಹಾರಾಜ ಪಾರ್ಕು, ಹುಣಸಿನಕೆರೆಯ ಅಂಚು,
ಕಾಲೇಜಿನ ಹಿಂದಿನ ನೀಲಗಿರಿ (ಅದನ್ನೂ ಹಸಿರೆನ್ನಬೇಕಂತೆ),
ಗಂಧದ ಕೋಠಿಯ ಹಳೆಯ ಮರಗಳು,
ಮೂರು ಸ್ಮಶಾನ.
ಬದುಕಿದವರಿಗಿಂತ ಸತ್ತವರ ಪಾಲಿಗೇ ನೆರಳು ಹೆಚ್ಚು
ಎಂದು ಬರೆಯಲು ಷರಾ ಕಾಲಂನಲ್ಲಿ ಜಾಗವಿರಲಿಲ್ಲ.

ಹಾಳೆ ದೂರ ಹಿಡಿದು ನೋಡಿದರೆ
ಕಾದ ಹೆಂಚಿಗೆ ಚಿಮುಕಿಸಿದ ನೀರು,
ಹನಿ ಇಲ್ಲೊಂದು, ಅಲ್ಲೊಂದು,
ತಮ್ಮ ತಮ್ಮ ಪಾಡಿಗೆ ಆರುತ್ತಿದ್ದವು.

"ನೀರು ಹರಿದ ದಾರಿ ಹಿಡೀರಿ" ಅಂದರು ಸರ್ವೇಯರ್ ಜವರಯ್ಯ.
ಬೀರುವಿನಿಂದ ಹಳೇ ನಕ್ಷೆ ತೆಗೆದರು,
ಬಟ್ಟೆಗೆ ಅಂಟಿಸಿದ್ದು, ಮಡಿಕೆಯಲ್ಲಿ ಸವೆದು ನವೆದದ್ದು.
ಕಟ್ಟಿನಕೆರೆ ಅಲ್ಲಿ ಇನ್ನೂ ಕೆರೆ.
ಈಗಲ್ಲಿ ಆಲೂಗಡ್ಡೆ ರಾಶಿ, ಮೂಲಂಗಿ, ಕೊತ್ತಂಬರಿ ಕಟ್ಟು.
"ಸೊಪ್ಪು ಮಾರ್ತಾರಲ್ಲ, ಅದಕ್ಕೂ ಬಣ್ಣ ಹಚ್ಚಿ" ಎಂದು ನಕ್ಕರು.
ಚನ್ನಪಟ್ಟಣದ ಕೆರೆಯಲ್ಲಿ ಬಸ್ಸುಗಳು ತಂಗುತ್ತವೆ;
ಮಳೆ ಹೊಯ್ದ ದಿನ
ತಾನು ಕೆರೆಯೆಂದು ಅದಕ್ಕೆ ನೆನಪಾಗುತ್ತದೆ.

ಹಳ್ಳದ ಗುಂಟ ಗೆರೆ ಎಳೆದೆ.
ರಾಜಕಾಲುವೆಯ ಮಗ್ಗುಲಿಗೆ ಹೊಂಗೆ,
ರೈಲು ಕಂಬಿಯ ಪಕ್ಕ ಬೇವು,
ಶಾಲೆಯ ಬಯಲು, ನೀರಿನ ಟ್ಯಾಂಕು, ಮತ್ತೊಂದು ಸ್ಮಶಾನ.
ಚೆನ್ನಾಗಿಯೇ ನಡೆಯಿತು ಗೆರೆ
ಪೆನ್ಷನ್ ಮೊಹಲ್ಲಾದವರೆಗೆ.
ಅಲ್ಲಿ ಹದಿಮೂರು ಅಡಿ ಕಡಿಮೆ ಬಿತ್ತು.
ಒಂದು ಗೋಡೆ, ಒಂದು ಹಿತ್ತಿಲು, ಅದರಾಚೆ ಮತ್ತೆ ಹಳ್ಳ.
ಸಾಲು ಸಾಲದು.

ಟೇಪು ಹಿಡಿದು ಹೋದೆ.
ಹೆರಿಗೆ ಆಸ್ಪತ್ರೆಯ ನಿವೃತ್ತ ದಾದಿ ಖಮರುನ್ನಿಸಾ
ಬಾಗಿಲಲ್ಲೇ ಕೇಳಿದರು: "ಜಾಗ ತಗೊಳ್ಳೋಕೆ ಬಂದ್ರಾ?"
ಇಲ್ಲ, ಹಸಿರು ಜಾಲ ಅಂದೆ.
"ಯಾರು ಓಡಾಡೋಕೆ?"
ವರದಿಯ ನಾಲ್ಕನೇ ಪುಟ ಬಾಯಿಗೆ ಬಂತು:
ಪಕ್ಷಿ, ಚಿಟ್ಟೆ, ಸಣ್ಣ ಸಸ್ತನಿ, ಹಿರಿಯ ನಾಗರಿಕರು.
"ಪಟ್ಟಿಯ ಕೊನೇಲಾದ್ರೂ ನಾನಿದೀನಲ್ಲ"
ಎಂದು ಕೈಹಿಡಿದು ಹಿತ್ತಿಲಿಗೆ ಕರೆದೊಯ್ದರು.

ಸೀತಾಫಲದ ಬುಡದಲ್ಲಿ, ಗೋಡೆಗೊಂದು ತೂತು.
ಅಂಚು ನುಣ್ಣಗೆ, ಎಣ್ಣೆ ಸವರಿದ ಹಾಗೆ.
ಬೆಳಗ್ಗೆ ಏಳಕ್ಕೆ ಮುಂಗುಸಿ ಆ ಕಡೆ,
ಸಂಜೆ ಈ ಕಡೆ, ಕೆಲವು ಸಲ ಮರಿ ಸಮೇತ.
ಮೇಸ್ತ್ರಿ ಎರಡು ಸಲ ಸಿಮೆಂಟು ಕಲಸಿದನಂತೆ,
ಎರಡು ಸಲವೂ ಚಹಾ ಕುಡಿಸಿ ಕಳಿಸಿದರಂತೆ.
"ಮೂವತ್ತೊಂದು ವರ್ಷ ಹೆರಿಗೆ ವಾರ್ಡು, ಮೇಡಂ.
ಬರೋರಿಗೆ ಎಷ್ಟು ದಾರಿ ಸಾಕು ಅಂತ ನಂಗೊತ್ತು."

ಅಳೆದೆ. ಏಳು ಇಂಚು.

ನಮ್ಮ ನಿಯಮದಲ್ಲಿ ಕನಿಷ್ಠ ಒಂಬತ್ತು ಮೀಟರು.
ಏಳು ಇಂಚಿಗೆ ಸೂಚಿಯಲ್ಲಿ ಬಣ್ಣವಿಲ್ಲ, ಚಿಹ್ನೆಯಿಲ್ಲ.
ಸಭೆಯಲ್ಲಿ ಒಬ್ಬರು ಕಾರಂಜಿ ಕೇಳಿದರು, ಒಬ್ಬರು ಜಿಮ್ಮು,
ತಮ್ಮ ವಾರ್ಡಿಗೆ ಗೆರೆ ಬರಲಿಲ್ಲವೆಂದು ಒಬ್ಬರು,
ಬಂತೆಂದು ಇನ್ನೊಬ್ಬರು ಎದ್ದು ಹೋದರು.
ಕಡತ ಮೇಲಕ್ಕೆ ಹೋಗಿದೆ.
ಮೇಲಕ್ಕೆ ಹೋದ ನೀರಾದರೂ ಮಳೆಯಾಗಿ ಬರುತ್ತದೆ.

ಕಳಿಸುವ ಮುನ್ನ, ಮೂಲಪ್ರತಿಯಲ್ಲಿ
ಆ ಹದಿಮೂರು ಅಡಿಯ ಬಿಳಿಯಲ್ಲಿ
ಪೆನ್ಸಿಲು ಚೂಪು ಮಾಡಿ ಒಂದು ಚುಕ್ಕೆ ಇಟ್ಟಿದ್ದೆ.
ನೊಣದ ಹಿಕ್ಕೆಯೆಂದುಕೊಂಡು
ಯಾರೋ ಉಗುರಿನಲ್ಲಿ ಕೆರೆದಿದ್ದಾರೆ.
ಜೆರಾಕ್ಸಿಗೆಂದು ಮರಳಿ ಬಂದಾಗ ನೋಡಿದೆ,
ಕೆರೆದಲ್ಲಿ ಹಾಳೆ ತೂತಾಗಿದೆ.
ಕಿಟಕಿಗೆ ಹಿಡಿದರೆ
ಹೊರಗಿನ ಹೊಂಗೆಯ ಒಂದೆಲೆ
ಸರಿಯಾಗಿ ಅಷ್ಟೇ ಕಾಣುತ್ತದೆ.