ಷರಾ

ಡೋಣಿಯ ಪಡುವಣಕ್ಕೆ, ಕಪ್ಪತಗುಡ್ಡದ ಬೆನ್ನ ಮೇಲೆ
ಹದಿನೇಳನೇ ನಂಬರಿನ ಫ್ಯಾನು ತಿರುಗಲು ಹತ್ತಿದ ಆಷಾಢ,
ದವಲಬಿಯ ಹೇಂಟೆ ಹನ್ನೊಂದು ಮರಿ ಮಾಡಿತ್ತು.

ಹೊತ್ತಿಳಿದರೆ ಅಂಗಳಕ್ಕೆ ಬರುತ್ತದೆ ನೆರಳು.
ಮೊದಲ ದಿನ
ಹದ್ದೆಂದು ಕೂಗಿತು ಹೇಂಟೆ,
ರೆಕ್ಕೆ ಬಿಚ್ಚಿ ಹನ್ನೊಂದನ್ನೂ ಒಳಗೆಳೆದುಕೊಂಡಿತು.
ನೆರಳು ಹೋಯಿತು, ಬಿಟ್ಟಿತು.
ಮತ್ತೆ ಬಂತು, ಮತ್ತೆ ಎಳೆದುಕೊಂಡಿತು.
ನಿಮಿಷಕ್ಕೆ ನಲವತ್ತು ಹದ್ದು!
ಕಾಳು ಹೆಕ್ಕುವುದು ಯಾವಾಗ?

ನಾನು ಆ ಫ್ಯಾನಿನ ವಾಚ್‌ಮನ್.
ರಿಜಿಸ್ಟರಿನಲ್ಲಿ ಗಾಳಿಗೊಂದು ಕಲಂ, ಯೂನಿಟ್ಟಿಗೊಂದು,
ಬಂದುಹೋದ ಸಾಹೇಬರಿಗೊಂದು.
ಬೆಳಿಗ್ಗೆ ಬುಡದಲ್ಲಿ ಸಿಗುವ ಬಾವಲಿಗಳಿಗೆ ಕಲಂ ಇಲ್ಲ,
ಬುಟ್ಟಿಯಲ್ಲಿ ಒಯ್ದು ಹೂಳುತ್ತೇನೆ.
ಸುಳ್ಳು ಹೇಳಬಾರದು:
ಹೊಗೆಯಿಲ್ಲ, ಬೂದಿಯಿಲ್ಲ,
ನನ್ನ ಸಂಬಳವೂ ತಿಂಗಳ ಐದಕ್ಕೆ ತಪ್ಪುವುದಿಲ್ಲ.

ಎಂಟನೇ ದಿನ ಹೇಂಟೆ
ತಲೆಯೆತ್ತುವುದನ್ನೇ ಬಿಟ್ಟಿತು.
ಓಡುವ ನೆರಳಿನಡಿಯೇ ಕೆದರಿತು, ಕರೆಯಿತು, ತಿನ್ನಿಸಿತು.
"ಶಾಣ್ಯಾ ಆತು ನೋಡು" ಎಂದು ನಕ್ಕಳು ದವಲಬಿ.

ಆ ಶುಕ್ರವಾರ
ಒಂದು ನೆರಳು ತಾಳ ತಪ್ಪಿ ಬಂತು.
ಹೇಂಟೆ ಕೆದರುತ್ತಲೇ ಇತ್ತು.

ಹತ್ತು.

ಆಫೀಸಿನಲ್ಲಿ ಹುಡುಗ ಸಾಹೇಬ ಕೇಳಿದ,
"ಮರಿ ಒಯ್ದದ್ದು ನಮ್ಮ ಫ್ಯಾನೋ, ಹದ್ದೋ?"
"ಹದ್ದು ಸಾಹೇಬ್ರ, ಖರೆ. ಆದರ
ಅದು ಹದ್ದಲ್ಲಂತ ನನ್ನ ಕೋಳಿಗೆ ಕಲಿಸಿದವ್ರು..."
ನನ್ನ ಕಡೆ ನೋಡಿ
ಸುಮ್ಮನಾದಳು.

ರಾತ್ರಿ ರಿಜಿಸ್ಟರ್ ತೆಗೆದೆ.
ಗಾಳಿ ಚೆನ್ನಾಗಿತ್ತು, ಬರೆದೆ.
ಕೊನೆಗೆ, ಯಾರೂ ಓದದ ಷರಾ ಕಲಮಿನಲ್ಲಿ:
'ಹೇಂಟೆ ಹೆದರುವುದನ್ನು ಮರೆತಿದೆ.'
ಪೆನ್ಸಿಲ್ಲಿನಲ್ಲಿ.